ಒಂದು ಹನಿ ರಕ್ತದ ಸುದ್ದಿ ಮತ್ತು ನಮ್ಮ ಲ್ಯಾಬಿನ ಕೌಂಟರ್

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಆರೋಗ್ಯ ಪುಟದಲ್ಲಿ ಇತ್ತೀಚೆಗೆ ‘ಒಂದೇ ಹನಿ ರಕ್ತದಲ್ಲಿ ಸ್ತನ ಕ್ಯಾನ್ಸರ್ ಪತ್ತೆ’ ಅಂತ ಸುದ್ದಿ ಬಂತಲ್ಲ, ಈ ಪತ್ರ ಅದರ ಬಗ್ಗೆ. ಸುದ್ದಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. ರಕ್ತದಲ್ಲಿ ಅಳೆಯುತ್ತಾರೆ ಅಂತ ಅದರಲ್ಲಿ ಬರೆದಿರುವ, ಕೋಶಗಳೊಳಗಿನ ಪುಟ್ಟ ಅಣುವಾದ ಮೈಕ್ರೋ ಆರ್‌ಎನ್‌ಎ ನಿಜವಾದ ವಿಜ್ಞಾನವೇ, ಅದನ್ನು ಕಂಡುಹಿಡಿದವರಿಗೆ 2024ರಲ್ಲಿ ನೊಬೆಲ್ ಕೂಡ ಬಂದಿದೆ. ಆದರೆ ತಲೆಬರಹ ಓದಿದವರಿಗೆ ಆ ಟೆಸ್ಟ್ ನಾಳೆಯೇ ಪಕ್ಕದ ಲ್ಯಾಬಿನಲ್ಲಿ ಸಿಗುತ್ತದೆ ಅನ್ನಿಸುತ್ತದೆ. ಆ ಪಕ್ಕದ ಲ್ಯಾಬಿನಲ್ಲಿ ಕೆಲಸ ಮಾಡುವವಳು ನಾನು. ವಿಜಯಪುರದಲ್ಲಿ ಟೆಕ್ನಿಷಿಯನ್. ರಕ್ತ ತೆಗೆಯುವುದು, ರಕ್ತದ ಮೇಲೆ ನಿಲ್ಲುವ ತಿಳಿ, ಅಂದರೆ ಸೀರಂ ಬೇರೆ ಮಾಡುವುದು, ಬಯಾಪ್ಸಿ (ಪರೀಕ್ಷೆಗೆ ದೇಹದಿಂದ ತೆಗೆದ ತುಂಡು) ಬಾಟಲಿ ಬಂದರೆ ನಂಬರ್ ಹಾಕಿ ಒಳಗೆ ಕಳಿಸುವುದು, ಇದೇ ನನ್ನ ದಿನ.

ಆ ಸುದ್ದಿಯ ಫೋಟೊ ವಾಟ್ಸಾಪಿನಲ್ಲಿ ಓಡಾಡಿದ ಮೇಲೆ ಕೌಂಟರಿನಲ್ಲಿ ಒಂದೇ ಪ್ರಶ್ನೆ. “ಅಕ್ಕಾರ, ಆ ಒಂದು ಹನಿ ರಕ್ತದ ಟೆಸ್ಟ್ ನಿಮ್ಮಲ್ಲಿ ಆಗ್ತೈತೇನ್ರಿ? ಎಷ್ಟ್ ರೊಕ್ಕ?” ಸುಮ್ನೆ ಕೇಳಿ ಹೋಗುವವರೇ ಜಾಸ್ತಿ, ಅವರ ಬಗ್ಗೆ ನನಗೆ ಚಿಂತೆ ಇಲ್ಲ. ಆದರೆ ಸಿಂದಗಿ ಕಡೆಯಿಂದ ಬಂದಿದ್ದ ಒಬ್ಬ ಹೆಣ್ಣುಮಗಳು ಧ್ವನಿ ತಗ್ಗಿಸಿ ಹೇಳಿದರು: “ಎದಿಯಾಗ ಗಂಟು ಐತ್ರಿ, ಆದ್ರ ನೋವೇನಿಲ್ಲ. ಮೊದ್ಲ ರಕ್ತ ನೋಡಿಸೂಣು, ಅದ್ರಾಗ ಏನೂ ಬರ್ಲಿಲ್ಲಂದ್ರ ಸುಮ್ನಿರೂಣು ಅಂದಾರ ನಮ್ಮ ಮನಿಯವ್ರು.” ಗಂಟು ಕೈಗೇ ಸಿಗುತ್ತಿದೆ, ಆದರೂ ಇನ್ನೂ ಬಾರದ ಟೆಸ್ಟಿನ ಮೇಲೆ ಭರವಸೆ. ನೋವಿಲ್ಲ ಅನ್ನುವುದೇ ಅವರಿಗೆ ಧೈರ್ಯ. ನಿಜ ಹೇಳಬೇಕೆಂದರೆ ಸ್ತನದ ಕ್ಯಾನ್ಸರ್ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದೇ ಇಲ್ಲ. ಅವರನ್ನು ಸರ್ಜನ್ ಹತ್ತಿರ ಕಳಿಸಿದೆ. ಆದರೆ ಕೌಂಟರಿನ ತನಕವೂ ಬಾರದೆ ಮನೆಯಲ್ಲೇ ಟೆಸ್ಟಿಗೆ ಕಾಯುತ್ತಾ ಕೂತವರಿಗೆ ಯಾರು ಹೇಳಬೇಕು? ನಿಮ್ಮ ಪತ್ರಿಕೆಯೇ ಹೇಳಬೇಕು, ಅಲ್ವಾ? ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಈ ಸಣ್ಣ ಆರ್‌ಎನ್‌ಎ ಏನು ಮಾಡುತ್ತದೆ ಅನ್ನುವುದನ್ನು ನೋಡೋಣ, ಯಾಕೆಂದರೆ ನಿಮ್ಮ ಸುದ್ದಿಯಲ್ಲಿ ಅದೊಂದೇ ಇರಲಿಲ್ಲ. ನಮ್ಮ ದೇಹದ ಹೆಚ್ಚುಕಡಿಮೆ ಎಲ್ಲ ಕೋಶಗಳಲ್ಲೂ ಒಂದೇ ಡಿಎನ್‌ಎ ಇದೆ. ಅದರಲ್ಲಿ ಪ್ರೋಟೀನ್ ಮಾಡಲು ಬೇಕಾದ ಜೀನ್‌ಗಳು ಸುಮಾರು 20,000. ಜೀನ್ ತಾನೇ ಪ್ರೋಟೀನ್ ಮಾಡುವುದಿಲ್ಲ, ತನ್ನದೊಂದು ನಕಲು ಬರೆಸಿ ಕಳಿಸುತ್ತದೆ. ಇದನ್ನು ನಾನು ಕೌಂಟರಿನಲ್ಲಿ ಹೇಳುವುದು ಹೀಗೆ. ನಮ್ಮೂರಿನ ಒಂದು ಖಾನಾವಳಿ ಅಂದುಕೊಳ್ಳಿ. ಗಲ್ಲೆಯ ಮೇಲೆ ಕೂತವರು ಚೀಟಿ ಬರೆಯುತ್ತಾರೆ, ಎರಡು ರೊಟ್ಟಿ ಊಟ, ಒಂದು ಎಣಗಾಯಿ ಅಂತ. ಆ ಚೀಟಿ ಅಡುಗೆಮನೆಗೆ ಹೋದರೆ ಊಟ ಬರುತ್ತದೆ. ಚೀಟಿ ಅಂದರೆ ಮೆಸೆಂಜರ್ ಆರ್‌ಎನ್‌ಎ, ಊಟ ಅಂದರೆ ಪ್ರೋಟೀನ್. ಈಗ ಅಡುಗೆಮನೆ ಬಾಗಿಲಲ್ಲಿ ಒಬ್ಬ ಹುಡುಗ ನಿಂತಿದ್ದಾನೆ. ಕೆಲವು ಚೀಟಿ ಒಳಗೆ ಹೋಗದಂತೆ ಕೈಯಲ್ಲೇ ಹಿಡಿದುಕೊಳ್ಳುತ್ತಾನೆ, ಕೆಲವನ್ನು ಹರಿದೇ ಹಾಕುತ್ತಾನೆ. ಅವನು ಏನನ್ನೂ ಬೇಯಿಸುವುದಿಲ್ಲ, ಲೆಕ್ಕವನ್ನೂ ಬರೆಯುವುದಿಲ್ಲ, ಆದರೆ ಆ ದಿನ ಎಷ್ಟು ಊಟ ಹೊರಗೆ ಬರಬೇಕು ಅನ್ನುವುದರಲ್ಲಿ ಅವನ ಕೈ ಇದೆ. ಮೈಕ್ರೋ ಆರ್‌ಎನ್‌ಎ ಅಂದರೆ ಆ ಹುಡುಗ.

ಅದರ ಉದ್ದ ಸುಮಾರು 22 ಅಕ್ಷರ ಅಷ್ಟೇ. ಅಕ್ಷರ ಅಂದರೆ ಆರ್‌ಎನ್‌ಎಯ ಎಳೆಯನ್ನು ಕಟ್ಟಿರುವ ಸಣ್ಣ ಸಣ್ಣ ತುಣುಕು. ಮೆಸೆಂಜರ್ ಆರ್‌ಎನ್‌ಎಗಳು ಸಾವಿರಾರು ಅಕ್ಷರದವು ಇರುತ್ತವೆ. ಮೊದಲು ಉದ್ದವಾದ ಎಳೆಯೊಂದು ತಯಾರಾಗುತ್ತದೆ, ಕೋಶಕೇಂದ್ರದೊಳಗೆ ಡ್ರೋಶಾ ಅನ್ನುವ ಕಿಣ್ವ ಅದನ್ನು ಒಮ್ಮೆ ಕತ್ತರಿಸುತ್ತದೆ, ಹೊರಗೆ ಬಂದ ಮೇಲೆ ಡೈಸರ್ ಅನ್ನುವುದು ಇನ್ನೊಮ್ಮೆ. ಉಳಿದ ಪುಟ್ಟ ತುಂಡು ಆರ್ಗೊನಾಟ್ ಅನ್ನುವ ಪ್ರೋಟೀನ್ ಒಳಗೆ ಕೂರುತ್ತದೆ. ಅಲ್ಲಿಂದ ಮೆಸೆಂಜರಿನ ಬಾಲದಲ್ಲಿ ತನಗೆ ಹೊಂದುವ ಅಕ್ಷರಗಳನ್ನು ಹುಡುಕಿ ಅಂಟಿಕೊಳ್ಳುತ್ತದೆ. ಅಕ್ಷರ ಪೂರ್ತಿ ಹೊಂದಬೇಕು ಅಂತಲೂ ಇಲ್ಲ, ಏಳೆಂಟು ಹೊಂದಿದರೂ ಸಾಕು. ಅದಕ್ಕೇ ಒಂದೇ ಮೈಕ್ರೋ ಆರ್‌ಎನ್‌ಎ ನೂರಾರು ಬೇರೆ ಬೇರೆ ಮೆಸೆಂಜರುಗಳನ್ನು ಹಿಡಿಯಬಲ್ಲದು, ಒಂದೇ ಮೆಸೆಂಜರನ್ನು ಹಿಡಿಯಲು ಹತ್ತಾರು ಮೈಕ್ರೋ ಆರ್‌ಎನ್‌ಎಗಳೂ ಬರಬಹುದು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಔಷಧಿಯ ವಿಷಯಕ್ಕೆ ಬೇಕಾಗುತ್ತದೆ.

ಇದನ್ನು ಕಂಡದ್ದು ಒಂದು ಹುಳದಲ್ಲಿ. ಒಂದು ಮಿಲಿಮೀಟರ್ ಉದ್ದದ, ಮಣ್ಣಿನಲ್ಲಿರುವ ಹುಳ. ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರಫ್ಕನ್ ಅವರ ತಂಡಗಳು 1993ರಲ್ಲಿ ಇದನ್ನು ಪ್ರಕಟಿಸಿದಾಗ ಹುಳದ ವಿಚಾರ ತಾನೇ ಅಂತ ಹೆಚ್ಚಿನವರು ತಲೆ ಕೆಡಿಸಿಕೊಳ್ಳಲಿಲ್ಲ. 2000ರಲ್ಲಿ ಲೆಟ್-7 ಅನ್ನುವ ಇನ್ನೊಂದು ಸಿಕ್ಕಿತು, ಅದು ಮನುಷ್ಯರಲ್ಲೂ ಇತ್ತು. ಆಮೇಲೆ ಎಲ್ಲರೂ ಹುಡುಕಲು ಶುರು ಮಾಡಿದರು. ಮನುಷ್ಯರಲ್ಲಿ ಇವು ಸಾವಿರಕ್ಕೂ ಜಾಸ್ತಿ ಇವೆ. ಆಂಬ್ರೋಸ್ ಅವರ 1993ರ ಲೇಖನದಲ್ಲಿ ಮೊದಲ ಹೆಸರು ಅವರ ಹೆಂಡತಿ ರೋಸಲಿಂಡ್ ಲೀ ಅವರದು, ನೊಬೆಲ್ ಮಾತ್ರ ಗಂಡಸರಿಬ್ಬರಿಗೆ. ಈ ಮಾತು ಪತ್ರಕ್ಕೆ ಸಂಬಂಧ ಇಲ್ಲ, ಆದರೂ ಹೇಳಬೇಕು ಅನ್ನಿಸಿತು.

ಇನ್ನು ಕ್ಯಾನ್ಸರ್. 2002ರಲ್ಲಿ ಒಂದು ಬಗೆಯ ರಕ್ತದ ಕ್ಯಾನ್ಸರಿನಲ್ಲಿ ಎರಡು ಮೈಕ್ರೋ ಆರ್‌ಎನ್‌ಎಗಳಿರುವ ಜಾಗವೇ ಅಳಿಸಿಹೋಗಿರುವುದು ಗೊತ್ತಾಯಿತು. 2005ರಲ್ಲಿ ಸ್ತನದ ಗಡ್ಡೆಗಳನ್ನು ನೋಡಿದರು. ಕೆಲವು ಮೈಕ್ರೋ ಆರ್‌ಎನ್‌ಎ ಜಾಸ್ತಿ, ಕೆಲವು ಕಡಿಮೆ. ಜಾಸ್ತಿಯಾಗಿದ್ದರಲ್ಲಿ ಮುಖ್ಯವಾದದ್ದು ಮಿರ್-21 (ಮಿರ್ ಅಂದರೆ ಮೈಕ್ರೋ ಆರ್‌ಎನ್‌ಎಯ ಚಿಕ್ಕ ಹೆಸರು). ಪಿಟೆನ್ ಅಂತ ಒಂದು ಪ್ರೋಟೀನ್ ಇದೆ, ಕೋಶ ಸಿಕ್ಕಾಪಟ್ಟೆ ಬೆಳೆಯದಂತೆ ತಡೆಯುವುದು ಅದರ ಕೆಲಸ. ಮಿರ್-21 ಹಿಡಿಯುವ ಚೀಟಿಗಳಲ್ಲಿ ಪಿಟೆನ್ ಚೀಟಿಯೂ ಒಂದು. ಮಿರ್-21 ಹೆಚ್ಚಾದಷ್ಟೂ ಪಿಟೆನ್ ಕಡಿಮೆ, ಕೋಶಕ್ಕೆ ಹೇಳುವವರು ಕೇಳುವವರು ಇಲ್ಲ. ಇದಕ್ಕೆ ಉಲ್ಟಾ ಕೆಲಸ ಮಾಡುವವೂ ಇವೆ. ಮಿರ್-200 ಅನ್ನುವ ಗುಂಪು ಸ್ತನದ ಕೋಶಗಳು ಒಂದಕ್ಕೊಂದು ಅಂಟಿಕೊಂಡು ತಮ್ಮ ಜಾಗದಲ್ಲೇ ಇರುವಂತೆ ನೋಡಿಕೊಳ್ಳುತ್ತದೆ. ಅದು ಕಡಿಮೆಯಾದರೆ ಕೋಶಗಳ ಅಂಟು ಬಿಟ್ಟುಹೋಗಿ ಅಲೆಯಲು ಶುರು ಮಾಡುತ್ತವೆ. ಗಡ್ಡೆ ಎದೆಯಲ್ಲೇ ಇರುವುದಕ್ಕೂ ಶ್ವಾಸಕೋಶಕ್ಕೆ, ಮೂಳೆಗೆ ಹೋಗುವುದಕ್ಕೂ ಇರುವ ವ್ಯತ್ಯಾಸ ಇಲ್ಲೇ ಶುರುವಾಗುತ್ತದೆ. ಜೀವ ತೆಗೆಯುವುದು ಹೆಚ್ಚಾಗಿ ಎದೆಯಲ್ಲಿರುವ ಗಡ್ಡೆಯಲ್ಲ, ಹರಡಿದ್ದು.

ಹರಡುವ ವಿಷಯದಲ್ಲಿ ನನಗೆ ಬಹಳ ಹಿಡಿಸಿದ ಕೆಲಸ ಅಮೆರಿಕದ ರಾಬರ್ಟ್ ವೈನ್‌ಬರ್ಗ್ ಅವರ ತಂಡದ್ದು. ಮಿರ್-10ಬಿ ಅನ್ನುವುದನ್ನು ಹೆಚ್ಚಿಸಿದರೆ ಸುಮ್ಮನಿದ್ದ ಸ್ತನದ ಗಡ್ಡೆಯ ಕೋಶಗಳೂ ಇಲಿಗಳಲ್ಲಿ ಹರಡಲು ಶುರು ಮಾಡುತ್ತವೆ ಅಂತ 2007ರಲ್ಲಿ ತೋರಿಸಿದರು. 2010ರಲ್ಲಿ ಅದನ್ನೇ ತಡೆಯುವ ಮದ್ದನ್ನು ಇಲಿಗಳಿಗೆ ಕೊಟ್ಟು ನೋಡಿದರು. ಶ್ವಾಸಕೋಶಕ್ಕೆ ಹರಡುವುದು ಬಹಳ ಕಡಿಮೆಯಾಯಿತು, ಆದರೆ ಮೂಲ ಗಡ್ಡೆ ಮಾತ್ರ ಮೊದಲಿನಂತೆಯೇ ಬೆಳೆಯಿತು. ಅಂದರೆ ಬೆಳೆಯುವುದು ಬೇರೆ, ಹರಡುವುದು ಬೇರೆ, ಎರಡರ ಹಿಂದೆಯೂ ಬೇರೆ ಬೇರೆ ಕೈಗಳಿವೆ. ಇದು ಗೊತ್ತಾದದ್ದು ಸಣ್ಣ ಮಾತಲ್ಲ.

ಹಾಗಾದರೆ ಔಷಧಿ ಯಾಕೆ ಬಂದಿಲ್ಲ? ಪ್ರಯತ್ನ ಆಗಿದೆ. ಮಿರ್-34 ಅನ್ನುವ ಒಳ್ಳೆಯ ಮೈಕ್ರೋ ಆರ್‌ಎನ್‌ಎಯನ್ನು ಕೊಬ್ಬಿನ ಹನಿಗಳಲ್ಲಿಟ್ಟು ಬೇರೆ ಬೇರೆ ಕ್ಯಾನ್ಸರ್ ಇದ್ದವರ ರಕ್ತನಾಳಕ್ಕೆ ಕೊಟ್ಟು ನೋಡಿದರು. ದೇಹದ ರೋಗನಿರೋಧಕ ಶಕ್ತಿ ಕೆರಳಿ ಕೆಲವರು ತೀರಿಕೊಂಡರು, 2016ರಲ್ಲಿ ಆ ಪ್ರಯೋಗ ನಿಂತಿತು. ನೂರು ಚೀಟಿ ಹಿಡಿಯುವವನನ್ನು ಒಂದೇ ಚೀಟಿ ಹಿಡಿ ಅಂತ ಕಳಿಸುವುದು ಅಷ್ಟು ಸಲೀಸಲ್ಲ.

ಈಗ ನಿಮ್ಮ ತಲೆಬರಹಕ್ಕೆ ಬರುತ್ತೇನೆ. ರಕ್ತದಲ್ಲಿ ಮೈಕ್ರೋ ಆರ್‌ಎನ್‌ಎ ಸಿಗುತ್ತದೆ ಅನ್ನುವುದು ಖರೆ. ಸಾಮಾನ್ಯವಾಗಿ ಆರ್‌ಎನ್‌ಎ ರಕ್ತದಲ್ಲಿ ಕ್ಷಣದಲ್ಲಿ ಕರಗಿಹೋಗುತ್ತದೆ, ಆದರೆ ಇವು ಪ್ರೋಟೀನಿಗೆ ಅಂಟಿಕೊಂಡು ಅಥವಾ ಸಣ್ಣ ಗುಳ್ಳೆಗಳೊಳಗೆ ಸೇರಿಕೊಂಡು ಉಳಿಯುತ್ತವೆ. ಕ್ಯಾನ್ಸರ್ ಇರುವವರ ರಕ್ತದಲ್ಲಿ ಕೆಲವು ಜಾಸ್ತಿ ಇರುತ್ತವೆ ಅಂತ 2008ರಿಂದ ಲೇಖನಗಳ ಮೇಲೆ ಲೇಖನ ಬರುತ್ತಿವೆ. ತೊಂದರೆ ಏನೆಂದರೆ ಒಂದು ತಂಡದ ಪಟ್ಟಿಗೂ ಇನ್ನೊಂದು ತಂಡದ ಪಟ್ಟಿಗೂ ತಾಳೆಯಾಗುವುದಿಲ್ಲ. ಯಾಕೆ ಅನ್ನುವುದಕ್ಕೆ ಕಾರಣಗಳಲ್ಲಿ ಒಂದನ್ನು ನಾನು ದಿನಾ ಕೈಯಲ್ಲಿ ಹಿಡಿದು ನೋಡುತ್ತೇನೆ.

ಚಡಚಣದಿಂದಲೋ ತಾಳಿಕೋಟೆಯಿಂದಲೋ ಬೇಸಿಗೆಯಲ್ಲಿ ರಕ್ತದ ಸ್ಯಾಂಪಲ್ ಬಸ್ಸಿನಲ್ಲಿ ಬರುತ್ತದೆ ಅನ್ನಿ. ಮಧ್ಯಾಹ್ನದ ಬಿಸಿಲು, ಥರ್ಮೋಕೋಲ್ ಡಬ್ಬಿಯಲ್ಲಿ ಐಸ್ ಕರಗಿ ನೀರಾಗಿದೆ, ರಸ್ತೆಯ ತಗ್ಗುಗಳಲ್ಲಿ ಟ್ಯೂಬ್ ಕುಲುಕಾಡಿದೆ. ಟ್ಯೂಬ್ ಗಿರಗಿರ ತಿರುಗಿಸುವ ಸೆಂಟ್ರಿಫ್ಯೂಜಿನಿಂದ ತೆಗೆದು ನೋಡಿದರೆ ಮೇಲೆ ನಿಂತ ಸೀರಂ ತಿಳಿ ಹಳದಿ ಇರಬೇಕು, ಆದರೆ ನಸುಗೆಂಪಾಗಿದೆ. ಕೆಂಪು ರಕ್ತಕಣಗಳು ಒಡೆದಿವೆ ಅಂತ ಅರ್ಥ. ಇಂಥ ಟ್ಯೂಬಿನಲ್ಲಿ ಪೊಟ್ಯಾಸಿಯಂ ನೋಡಿದರೆ ಸುಳ್ಳೇ ಜಾಸ್ತಿ ಬರುತ್ತದೆ, ಆದ್ದರಿಂದ ನಾವು ಹೊಸ ಸ್ಯಾಂಪಲ್ ಕೇಳುತ್ತೇವೆ, ಅವರು ಬೈಯುತ್ತಾರೆ, ಅದು ಬೇರೆ ಕಥೆ. ಮೈಕ್ರೋ ಆರ್‌ಎನ್‌ಎಗೂ ಇದೇ ಗತಿ. ಕೆಂಪು ಕಣಗಳೊಳಗೆ ಮಿರ್-451, ಮಿರ್-16 ತುಂಬಿಕೊಂಡಿರುತ್ತವೆ, ಕಣ ಒಡೆದರೆ ಅವು ಸೀರಂಗೆ ಸುರಿಯುತ್ತವೆ. ತಮಾಷೆ ಅಂದರೆ ಎಷ್ಟೋ ಅಧ್ಯಯನಗಳಲ್ಲಿ ಉಳಿದವನ್ನು ಅಳೆಯಲು ಇದೇ ಮಿರ್-16 ಅನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದರು. ಅಳತೆಗೋಲೇ ಉದ್ದ ಗಿಡ್ಡ ಆದರೆ ಬಟ್ಟೆ ಎಷ್ಟು ಅಂತ ಯಾರು ಹೇಳಬೇಕು?

ಇನ್ನೊಂದು ತೊಂದರೆ ಮಿರ್-21ದ್ದೇ. ಅದು ಸ್ತನದ ಕ್ಯಾನ್ಸರಿನಲ್ಲಿ ಮಾತ್ರ ಹೆಚ್ಚುವುದಿಲ್ಲ. ಬೇರೆ ಕ್ಯಾನ್ಸರುಗಳಲ್ಲೂ ಹೆಚ್ಚುತ್ತದೆ, ಉರಿಯೂತದಲ್ಲೂ, ಹೃದಯದ ಕೆಲವು ಕಾಯಿಲೆಗಳಲ್ಲೂ. ಹೆಚ್ಚಿದೆ ಅಂತ ರಿಪೋರ್ಟ್ ಬಂದರೆ ಎಲ್ಲಿ ಹುಡುಕುವುದು? ಈ ತೊಡಕುಗಳೆಲ್ಲ ಬಗೆಹರಿಯುವುದಿಲ್ಲ ಅಂತ ನಾನು ಹೇಳುತ್ತಿಲ್ಲ, ಬಗೆಹರಿಯಲಿ ಅಂತಲೇ ನನ್ನ ಆಸೆ. ಆದರೆ ಇವತ್ತಿಗೆ ಸ್ತನದ ಕ್ಯಾನ್ಸರ್ ಇದೆ ಇಲ್ಲ ಅಂತ ಹೇಳಲು ಡಾಕ್ಟರು ಬರೆದುಕೊಡುವ ಟೆಸ್ಟುಗಳಲ್ಲಿ ಇದು ಇಲ್ಲ.

ಈ ಖಾಲಿ ಜಾಗದಲ್ಲಿ ವ್ಯಾಪಾರ ನುಗ್ಗುತ್ತದೆ. ‘ಮಹಿಳೆಯರ ಕ್ಯಾನ್ಸರ್ ಪ್ಯಾಕೇಜ್’ ಅಂತ ಹಬ್ಬದ ರಿಯಾಯಿತಿ ಹಾಕಿ ಅದರೊಳಗೆ ಸಿಎ 15-3 ಅನ್ನುವ ರಕ್ತದ ಟೆಸ್ಟ್ ಸೇರಿಸಿ ಮಾರುವವರನ್ನು ನಾನು ನೋಡಿದ್ದೇನೆ. ಸಿಎ 15-3 ಒಳ್ಳೆಯ ಟೆಸ್ಟೇ, ಆದರೆ ಅದು ಇರುವುದು ರೋಗ ಹರಡಿದವರಲ್ಲಿ ಚಿಕಿತ್ಸೆ ಕೆಲಸ ಮಾಡುತ್ತಿದೆಯೇ ಅಂತ ನೋಡಲು. ಶುರುವಿನ ಗಡ್ಡೆ ಇರುವವರಲ್ಲಿ ಅದು ಎಷ್ಟೋ ಸಲ ನಾರ್ಮಲ್ ಬರುತ್ತದೆ. ನಾರ್ಮಲ್ ಅಂತ ಬರೆದ ಆ ಕಾಗದ ಇಟ್ಟುಕೊಂಡು ಮನೆಯಲ್ಲಿ ನಿಶ್ಚಿಂತೆಯಿಂದ ಕೂತವರ ಗತಿ ಏನು? ಟೆಸ್ಟ್ ಮಾಡುವವಳಾಗಿಯೇ ಹೇಳುತ್ತೇನೆ, ಗಂಟು ಸಿಕ್ಕಿದ್ದರೆ ಯಾವ ರಕ್ತದ ರಿಪೋರ್ಟೂ ಅದನ್ನು ಇಲ್ಲ ಅನ್ನಿಸಲಾರದು.

ಲೆಕ್ಕ ನೋಡಿ. 2022ರ ಜಾಗತಿಕ ಅಂದಾಜಿನ ಪ್ರಕಾರ ಭಾರತದಲ್ಲಿ ಆ ವರ್ಷ ಹೊಸದಾಗಿ ಸ್ತನ ಕ್ಯಾನ್ಸರ್ ಬಂದವರು ಸುಮಾರು 1.92 ಲಕ್ಷ, ತೀರಿಕೊಂಡವರು ಸುಮಾರು 98 ಸಾವಿರ. ಇಡೀ ಜಗತ್ತಿನಲ್ಲಿ ಹೊಸಬರು ಸುಮಾರು 23 ಲಕ್ಷ, ತೀರಿಕೊಂಡವರು 6.7 ಲಕ್ಷ. ಅಂದರೆ ಹೊಸಬರ ಲೆಕ್ಕಕ್ಕೆ ಸಾವು ಜಗತ್ತಿನಲ್ಲಿ ಮೂರಕ್ಕೆ ಒಂದಕ್ಕಿಂತ ಕಡಿಮೆ, ನಮ್ಮಲ್ಲಿ ಎರಡಕ್ಕೆ ಒಂದು. ನಮ್ಮ ಹೆಂಗಸರು ತಡವಾಗಿ ಬರುತ್ತಾರೆ ಅನ್ನುವುದು ಇದಕ್ಕೆ ದೊಡ್ಡ ಕಾರಣ.

ತಡ ಆಗದಂತೆ ಮಾಡಲು ಏನು ಬೇಕು ಅಂತ ನಮ್ಮ ಪಕ್ಕದ ಮುಂಬೈಯಲ್ಲೇ ನೋಡಿದ್ದಾರೆ. ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಲ್ಲಿ ಶುರು ಮಾಡಿ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು 20 ವರ್ಷ ಹಿಂಬಾಲಿಸಿದರು. ಅರ್ಧ ಜನರಿಗೆ ಎರಡು ವರ್ಷಕ್ಕೊಮ್ಮೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಕೈಯಿಂದ ಎದೆ ಮುಟ್ಟಿ ಪರೀಕ್ಷೆ ಮಾಡಿದರು. ಅವರು ಡಾಕ್ಟರಲ್ಲ, ಕೈಯಲ್ಲಿ ಮಷಿನ್ ಇಲ್ಲ, ಬರೀ ಬೆರಳು. ಫಲಿತಾಂಶ 2021ರಲ್ಲಿ ಬಂತು. ಪರೀಕ್ಷೆ ಮಾಡಿಸಿಕೊಂಡವರಲ್ಲಿ ರೋಗ ಮೊದಲ ಹಂತಗಳಲ್ಲೇ ಸಿಕ್ಕಿತು, 50 ದಾಟಿದವರಲ್ಲಿ ಸಾವು ಸುಮಾರು 30 ಪರ್ಸೆಂಟ್ ಕಡಿಮೆಯಾಯಿತು. 50ಕ್ಕಿಂತ ಚಿಕ್ಕವರಲ್ಲಿ ಸಾವು ಕಡಿಮೆ ಆಗಲಿಲ್ಲ, ಅದನ್ನೂ ಹೇಳಬೇಕು. ಇದು ಮೈಕ್ರೋ ಆರ್‌ಎನ್‌ಎಯಷ್ಟು ಹೊಸ ಸುದ್ದಿಯಲ್ಲ, ನೊಬೆಲ್ಲೂ ಬರುವುದಿಲ್ಲ, ಆದ್ದರಿಂದ ಆರೋಗ್ಯ ಪುಟದಲ್ಲಿ ಜಾಗವೂ ಸಿಗುವುದಿಲ್ಲ!

ಆ ಪರೀಕ್ಷೆ ನಮ್ಮಲ್ಲೂ ಇದೆ. 30 ದಾಟಿದ ಹೆಂಗಸರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಾಯಿ, ಎದೆ, ಗರ್ಭಕಂಠ ಮೂರನ್ನೂ ನೋಡಬೇಕು ಅಂತ ಸರ್ಕಾರದ ಕಾರ್ಯಕ್ರಮವೇ ಇದೆ. ಬಿಪಿ, ಶುಗರ್ ಮಾತ್ರ ನೋಡಿ ಕಳಿಸಿದರೆ ಎದೆಯನ್ನೂ ನೋಡಿ ಅಂತ ಕೇಳಬಹುದು, ಕೇಳಬೇಕು. ನೋಡುವ ಕ್ರಮ ಹೀಗೆ: ನಡುವಿನ ಮೂರು ಬೆರಳುಗಳ ತುದಿಯಲ್ಲ, ಚಪ್ಪಟೆ ಭಾಗ ಇಟ್ಟು ಸಣ್ಣ ಸುತ್ತುಗಳಲ್ಲಿ ಒತ್ತುತ್ತಾ ಇಡೀ ಎದೆಯನ್ನು, ಮೇಲೆ ಕಾಲರ್ ಮೂಳೆಯ ತನಕ, ಪಕ್ಕಕ್ಕೆ ಕಂಕುಳಿನ ಒಳಗಿನ ತನಕ ನೋಡಬೇಕು. ಸೀರೆ ಸೆರಗಿನ ಮೇಲಿಂದ ಒಂದು ಸಲ ಒತ್ತಿ ‘ಏನಿಲ್ಲ ಹೋಗು’ ಅಂದರೆ ಅದು ಪರೀಕ್ಷೆ ಅಲ್ಲ. ಆದರೆ ಹೆಂಗಸರು ಸೆರಗು ತೆಗೆಯಬೇಕು ಅಂದರೆ ಕೋಣೆಗೊಂದು ಬಾಗಿಲು ಇರಬೇಕಲ್ಲ. ಹೊರಗೆ ಗಂಡಸರ ಸಾಲು, ನಡುವೆ ಒಂದು ಪರದೆ ಕೂಡ ಇಲ್ಲ, ಇಂಥ ಕಡೆ ಯಾವ ತಾಯಿ ಒಪ್ಪುತ್ತಾಳೆ? ಒಂದು ಪರದೆ, ಒಬ್ಬ ಹೆಣ್ಣುಮಗಳು ಸಿಬ್ಬಂದಿ. ಇದಕ್ಕೆ ಯಾವ ಸಂಶೋಧನೆಯೂ ಬೇಕಿಲ್ಲ. ನಮ್ಮ ಜಿಲ್ಲೆಯ ಪ್ರತಿನಿಧಿಗಳು ಇದನ್ನು ಓದುತ್ತಿದ್ದರೆ ಇದೊಂದು ಮಾಡಿಕೊಡಲಿ.

ಗಂಟು ಸಿಕ್ಕ ಮೇಲೆ ಅಲ್ಟ್ರಾಸೌಂಡ್ ಅಥವಾ ಮ್ಯಾಮೋಗ್ರಾಂ, ಆಮೇಲೆ ಸೂಜಿಯಿಂದ ಬಯಾಪ್ಸಿ. ಬಹಳಷ್ಟು ಗಂಟುಗಳು ಕ್ಯಾನ್ಸರ್ ಅಲ್ಲ, ಅದನ್ನು ಹೇಳುವುದೂ ಇವೇ ಪರೀಕ್ಷೆಗಳು. ಸೂಜಿ ಚುಚ್ಚಿದರೆ ರೋಗ ಹರಡುತ್ತದೆ ಅಂತ ಊರಲ್ಲಿ ಹೇಳುತ್ತಾರೆ, ಅದನ್ನು ನಂಬಿ ಯಾರೂ ಬಯಾಪ್ಸಿ ಬಿಡಬಾರದು.

ಬಯಾಪ್ಸಿಯ ವಿಷಯದಲ್ಲಿ ಒಂದು ಮಾತು, ಇದು ನನ್ನ ಕಸುಬಿನದು. ತೆಗೆದ ತುಂಡಿನಲ್ಲಿ ಇಆರ್, ಪಿಆರ್ (ಇವೆರಡೂ ಹಾರ್ಮೋನ್ ಹಿಡಿಯುವ ಪ್ರೋಟೀನ್), ಹರ್-2 (ಕೋಶವನ್ನು ಬೆಳೆಸುವ ಪ್ರೋಟೀನ್) ಅಂತ ಮೂರು ನೋಡುತ್ತಾರೆ. ಟ್ಯಾಮೊಕ್ಸಿಫೆನ್ ಗುಳಿಗೆ ಕೆಲಸ ಮಾಡುತ್ತದೆಯೋ, ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್ ಬೇಕೋ ಅಂತ ತೀರ್ಮಾನ ಆಗುವುದು ಅದರ ಮೇಲೆ. ಇಲ್ಲೂ ಮೈಕ್ರೋ ಆರ್‌ಎನ್‌ಎ ಇದೆ ನೋಡಿ, ಮಿರ್-221, ಮಿರ್-222 ಹೆಚ್ಚಾದರೆ ಇಆರ್ ಪ್ರೋಟೀನೇ ಕಡಿಮೆಯಾಗಿ ಟ್ಯಾಮೊಕ್ಸಿಫೆನ್ ನಾಟುವುದಿಲ್ಲ ಅಂತ 2008ರಲ್ಲಿ ಕೋಶಗಳ ಮೇಲೆ ತೋರಿಸಿದ್ದಾರೆ. ಆದರೆ ಒಂದು ಸಲ ನಮ್ಮಲ್ಲಿಗೆ ಬಂದ ತುಂಡಿನಲ್ಲಿ ಇಆರ್ ಕೆಟ್ಟಿದ್ದು ಮೈಕ್ರೋ ಆರ್‌ಎನ್‌ಎಯಿಂದ ಅಲ್ಲ, ಬಾಟಲಿಯಿಂದ. ತುಂಡನ್ನು ಕೊಳೆಯದಂತೆ ಕಾಪಾಡುವ ಫಾರ್ಮಲಿನ್ ದ್ರವದ ಬದಲು ಸಲೈನಿನಲ್ಲಿ (ಉಪ್ಪುನೀರಿನಲ್ಲಿ) ಹಾಕಿ, ಖಾಲಿ ಔಷಧಿ ಬಾಟಲಿಗೆ ಹತ್ತಿ ತುರುಕಿ, ರೋಗಿಯ ಮಗನ ಕೈಯಲ್ಲಿ ಕೊಟ್ಟು ಕಳಿಸಿದ್ದರು. ಅವನು ಮರುದಿನ ಬಂದ. ತುಂಡು ಆಗಲೇ ಕೊಳೆಯಲು ಶುರುವಾಗಿತ್ತು. ಅಂಥ ತುಂಡಿನಲ್ಲಿ ಇಆರ್ ಇದ್ದರೂ ಇಲ್ಲ ಅಂತ ಬರಬಹುದು, ಸಿಗಬೇಕಾದ ಅಗ್ಗದ ಗುಳಿಗೆ ತಪ್ಪಿಹೋಗಬಹುದು. ಮತ್ತೆ ಸೂಜಿ ಹಾಕಿಸಿಕೊಳ್ಳಿ ಅಂತ ಹೇಳುವ ಪಾಳಿ ನನ್ನದಾಯಿತು. ಆದ್ದರಿಂದ ಓದುಗರೇ, ನಿಮ್ಮ ಮನೆಯವರ ಬಯಾಪ್ಸಿ ಆದಾಗ ಕೇಳಿ: 10 ಪರ್ಸೆಂಟ್ ಬಫರ್ಡ್ ಫಾರ್ಮಲಿನ್ ಹಾಕಿದ್ದೀರಾ? ತುಂಡು ಪೂರ್ತಿ ಮುಳುಗಿ ಸುತ್ತ ಧಾರಾಳ ದ್ರವ ಇದೆಯಾ? ತೆಗೆದ ಸಮಯ ಚೀಟಿಯ ಮೇಲೆ ಬರೆದಿದ್ದೀರಾ? ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ ಬೀಳಬೇಕು, 6 ಗಂಟೆಗಿಂತ ಕಡಿಮೆಯೂ 72 ಗಂಟೆಗಿಂತ ಜಾಸ್ತಿಯೂ ಅದರಲ್ಲಿ ಇರಬಾರದು. ಕೇಳಿದರೆ ಯಾರಿಗಾದರೂ ಸಿಟ್ಟು ಬಂದರೆ ಬರಲಿ.

ಚಿಕಿತ್ಸೆಗೆ ನಮ್ಮ ಕಡೆಯವರು ಸೋಲಾಪುರ, ಬಾರ್ಶಿ, ಮಿರಜ, ಹುಬ್ಬಳ್ಳಿ, ಬೆಂಗಳೂರು ಅಂತ ಅಲೆಯುತ್ತಾರೆ. ಹೊರಡುವ ಮೊದಲು ಬಿಪಿಎಲ್ ಕಾರ್ಡ್ ಇದ್ದವರು ಜಿಲ್ಲಾ ಆಸ್ಪತ್ರೆಯಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಬಗ್ಗೆ ವಿಚಾರಿಸಲಿ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯ ನೆರವು ಇದೆ. ಹೊಲ ಮಾರಿದ ಮೇಲೆ ಇದು ಗೊತ್ತಾದವರಿದ್ದಾರೆ.

ನಿಮ್ಮಲ್ಲಿ ಕೇಳುವುದು ಇಷ್ಟೇ. ಇಂಥ ಸುದ್ದಿ ಹಾಕುವಾಗ ಅದು ಇಲಿಯಲ್ಲಿ ಆಗಿದ್ದೋ, ಮನುಷ್ಯರಲ್ಲೋ, ಎಷ್ಟು ಜನರಲ್ಲೋ ಅಂತ ಮೊದಲ ಪ್ಯಾರಾದಲ್ಲೇ ಬರೆಯಿರಿ. ಅದೇ ಪುಟದಲ್ಲಿ ಒಂದು ಸಣ್ಣ ಬಾಕ್ಸ್ ಹಾಕಿ, ಎದೆಯಲ್ಲಿ ಗಂಟು, ಚರ್ಮದಲ್ಲಿ ಗುಳಿ, ತೊಟ್ಟು ಒಳಗೆ ಹೋಗುವುದು, ತೊಟ್ಟಿನಿಂದ ರಕ್ತ, ಇವುಗಳಲ್ಲಿ ಯಾವುದು ಕಂಡರೂ ಈ ವಾರವೇ ಎಲ್ಲಿಗೆ ಹೋಗಬೇಕು ಅಂತ ಜಿಲ್ಲೆಯ ಮಾಹಿತಿ ಕೊಡಿ.

ಪತ್ರ ಉದ್ದವಾಯಿತು. ಜಾಗ ಸಾಲದಿದ್ದರೆ ಹುಳದ ಕಥೆ, ಇಲಿಯ ಕಥೆ ಕತ್ತರಿಸಿ, ಬೇಜಾರಿಲ್ಲ. ಫಾರ್ಮಲಿನ್ ಪ್ಯಾರಾ ಮಾತ್ರ ಬಿಡಬೇಡಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು, ಲ್ಯಾಬ್ ಟೆಕ್ನಿಷಿಯನ್
ವಿಜಯಪುರ